ಸಮಭಾಜಕಕ್ಕೆ ಹತ್ತಿರ ಅನ್ನುವುದೇ ಕಾರಣವಾದರೆ ಕೇರಳದ ತುಂಬಾ ಊರನ್ನು ಬಿಟ್ಟು ಶ್ರೀಹರಿಕೋಟಾಗೆ ಯಾಕೆ ಹೋದರು?

ಚಿಂತಾಮಣಿ ಮೇಷ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಚಿಂತಾಮಣಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ಹೋದ ವಾರ ಒಂಬತ್ತನೇ ತರಗತಿಯಲ್ಲಿ ಉಪಗ್ರಹಗಳ ಬಗ್ಗೆ ಹೇಳುವಾಗ, "ಶ್ರೀಹರಿಕೋಟಾ ಸಮಭಾಜಕ ವೃತ್ತಕ್ಕೆ ಹತ್ತಿರ ಇದೆ, ಅದಕ್ಕೇ ಅಲ್ಲಿಂದ ರಾಕೆಟ್ ಹಾರಿಸ್ತಾರೆ" ಅಂದೆ. ನಾನು ಓದಿದ್ದೂ ಅಷ್ಟೇ, ಹತ್ತು ವರ್ಷದಿಂದ ಹೇಳಿಕೊಂಡು ಬಂದದ್ದೂ ಅಷ್ಟೇ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಅಟ್ಲಾಸ್ ತೆರೆದು ಕೂತಿದ್ದಳು. ಎದ್ದು ಕೇಳಿದಳು: "ಸಾರ್, ಮೊದಲು ಕೇರಳದ ತುಂಬಾದಿಂದ ಹಾರಿಸಿದ್ರು ಅಂದ್ರಿ. ಅದು ಎಂಟೂವರೆ ಡಿಗ್ರಿಯಲ್ಲಿದೆ. ಶ್ರೀಹರಿಕೋಟಾ ಹದಿಮೂರೂ ಮುಕ್ಕಾಲರ ಹತ್ತಿರ ಇದೆ. ಹತ್ತಿರ ಇದ್ದದ್ದು ಬಿಟ್ಟು ದೂರ ಯಾಕೆ ಹೋದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸೋಮವಾರ ಹೇಳ್ತೀನಿ ಅಂದೆ. ಕೂರುವ ಮುಂಚೆ ಇನ್ನೆರಡು ಕೇಳಿದಳು: ಇಸ್ರೊ ಕಚೇರಿ ಬೆಂಗಳೂರಲ್ಲಿದ್ದರೂ ರಾಕೆಟ್ ಯಾಕೆ ಇಲ್ಲಿಂದ ಹಾರಿಸಲ್ಲ? ಮತ್ತು, ರಾಕೆಟ್ ಬರೋ ಮುಂಚೆ ಶ್ರೀಹರಿಕೋಟಾದಲ್ಲಿ ಏನಿತ್ತು?

ಕೊನೇ ಪ್ರಶ್ನೆಗೆ ಹುಡುಕಿದರೆ "ಜನವಸತಿ ಇಲ್ಲದ ದ್ವೀಪ" ಅಂತ ಒಂದು ಸಾಲು ಸಿಗುತ್ತೆ, ಅಷ್ಟೇ. ಬಲ್ಲವರು ದಯವಿಟ್ಟು ತಿಳಿಸಿ.

*

ಏರೋ ವಿದ್ಯಾರ್ಥಿನಿ ಉತ್ತರ:

ಸಾರ್, ಆ ಹುಡುಗಿಗೆ ಮೊದಲು ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಲೆಕ್ಕ ಹಾಕಿದರೆ ಅವಳ ಅನುಮಾನ ಸರಿ ಅಂತ ಗೊತ್ತಾಗುತ್ತೆ.

ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತೆ. ಸಮಭಾಜಕದಲ್ಲಿ ನಿಂತವರು ಸೆಕೆಂಡಿಗೆ ಸುಮಾರು 465 ಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗ್ತಿರ್ತಾರೆ. ತುಂಬಾದಲ್ಲಿ ಅದು ಸುಮಾರು 460, ಶ್ರೀಹರಿಕೋಟಾದಲ್ಲಿ 452. ಎರಡಕ್ಕೂ ವ್ಯತ್ಯಾಸ ಬರೀ 8 ಮೀಟರ್. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಉಪಗ್ರಹ ನಿಲ್ಲಬೇಕಾದರೆ ಸೆಕೆಂಡಿಗೆ 7.8 ಕಿಲೋಮೀಟರ್ ಹತ್ತಿರ ವೇಗ ಬೇಕು. ಅದರ ಮುಂದೆ 8 ಮೀಟರ್ ಏನೂ ಅಲ್ಲ.

ಆದರೆ ದಿಕ್ಕು ಬದಲಾದರೆ ಲೆಕ್ಕವೇ ಬದಲಾಗುತ್ತೆ. ತುಂಬಾ ಇರುವುದು ಪಶ್ಚಿಮ ಕರಾವಳಿಯಲ್ಲಿ, ಸಮುದ್ರ ಪಡುವಣಕ್ಕೆ. ಅಲ್ಲಿಂದ ಪಡುವಣಕ್ಕೆ ಹಾರಿಸಿದರೆ ಭೂಮಿ ಕೊಡುವ 460 ಸಿಗುವುದು ಹಾಗಿರಲಿ, ಅಷ್ಟನ್ನೇ ನಾವು ತುಂಬಿಕೊಡಬೇಕು. ಪೂರ್ವಕ್ಕೂ ಪಶ್ಚಿಮಕ್ಕೂ ಸೆಕೆಂಡಿಗೆ 900 ಮೀಟರಿಗಿಂತ ಹೆಚ್ಚು ಅಂತರ. ಹೋಗಲಿ, ತುಂಬಾದಿಂದ ಪೂರ್ವಕ್ಕೇ ಹಾರಿಸೋಣ ಅಂದರೆ ಎದುರಿಗೆ ಇಡೀ ದಕ್ಷಿಣ ತಮಿಳುನಾಡು, ಆಮೇಲೆ ಶ್ರೀಲಂಕಾ. ಉರಿದು ಮುಗಿದ ಹಂತಗಳು ಊರುಗಳ ಮೇಲೆ ಬೀಳ್ತವೆ.

ಬೆಂಗಳೂರಿಗೂ ಇದೇ ಉತ್ತರ. ಇಲ್ಲಿಂದ ಪೂರ್ವಕ್ಕೆ ಹಾರಿಸಿದರೆ ಮೊದಲ ಹಂತ ಕೋಲಾರಕ್ಕೋ ಚಿತ್ತೂರಿಗೋ ಬೀಳಬೇಕು. ನಿಮ್ಮ ಚಿಂತಾಮಣಿಯೂ ದೂರವಿಲ್ಲ ಸಾರ್!

ಹಾಗಾದರೆ ತುಂಬಾವನ್ನು ಆರಿಸಿದ್ದು ಯಾಕೆ? ಅಲ್ಲಿನ ಲಾಭ ನಿಮ್ಮ ಭೂಪಟದ ಸಮಭಾಜಕದ್ದಲ್ಲ, ಕಾಂತೀಯ ಸಮಭಾಜಕದ್ದು. ಅದು ತುಂಬಾದ ಹತ್ತಿರವೇ ಹಾದುಹೋಗುತ್ತೆ. ಆ ರೇಖೆಯ ಮೇಲೆ ಸುಮಾರು 110 ಕಿಲೋಮೀಟರ್ ಎತ್ತರದಲ್ಲಿ ಹಗಲು ಹೊತ್ತು ವಿದ್ಯುತ್ ಪ್ರವಾಹದ ಒಂದು ಪಟ್ಟಿಯೇ ಹರಿಯುತ್ತೆ. ಬಲೂನು ಅಷ್ಟು ಮೇಲೆ ಹೋಗಲ್ಲ, ಉಪಗ್ರಹ ಅಷ್ಟು ಕೆಳಗೆ ನಿಲ್ಲಲ್ಲ. ನೇರ ಮೇಲೆ ಹೋಗಿ, ಅಳೆದು, ಸಮುದ್ರಕ್ಕೆ ಬೀಳುವ ಸಣ್ಣ ಶೋಧ ರಾಕೆಟ್ಟೇ ಬೇಕು. ಆ ಕೆಲಸಕ್ಕೆ ತುಂಬಾಗಿಂತ ಒಳ್ಳೆ ಜಾಗ ಇಲ್ಲ. ಉಪಗ್ರಹ ಕಳಿಸಬೇಕು ಅಂತಾದಾಗ ಮಾತ್ರ ಮೂಡಣ ಸಮುದ್ರ ಹುಡುಕಬೇಕಾಯಿತು.

*

ಅನಂತಪುರಿ ಕನ್ನಡತಿ ಉತ್ತರ:

ನಾನಿರೋದು ತಿರುವನಂತಪುರದಲ್ಲಿ. ತುಂಬಾ ಮನೆಯಿಂದ ಬಸ್ಸಿನ ದಾರಿ. ಹೆಸರು ಕೇಳಿ ನಗಬೇಡಿ, ಮಲಯಾಳಂನ ತುಂಬ ಅಂದರೆ ನಮ್ಮ ತುಂಬೆ ಗಿಡವೇ, ಶಿವನಿಗೆ ಏರಿಸ್ತೀವಲ್ಲ ಆ ಬಿಳಿ ಹೂವು.

ಅಲ್ಲಿನ ಮೇರಿ ಮ್ಯಾಗ್ಡಲೀನ್ ಚರ್ಚ್ ಈಗ ಬಾಹ್ಯಾಕಾಶ ವಸ್ತುಸಂಗ್ರಹಾಲಯ. ಒಳಗೆ ಹೋದರೆ ಎತ್ತರದ ಚಾವಣಿ, ಕಮಾನು ಎಲ್ಲ ಹಾಗೇ ಇದೆ. 1960ರ ದಶಕದ ಶುರುವಿನಲ್ಲಿ ವಿಕ್ರಮ್ ಸಾರಾಭಾಯಿ ಜಾಗ ಕೇಳಿಕೊಂಡು ಬಂದಾಗ ಅಲ್ಲಿ ಮೀನುಗಾರರ ಊರಿತ್ತು, ಚರ್ಚ್ ಇತ್ತು, ಬಿಷಪ್ಪರ ಮನೆ ಇತ್ತು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ತಾವೇ ಹೂಂ ಅನ್ನಲಿಲ್ಲ. ಭಾನುವಾರದ ಪ್ರಾರ್ಥನೆಗೆ ಬಂದ ಊರಿನವರ ಮುಂದೆ ವಿಷಯ ಇಟ್ಟು ಕೇಳಿದರು. ಅವರು ಒಪ್ಪಿದರು. ಮೀನುಗಾರರಿಗೆ ಬೇರೆ ಕಡೆ ಮನೆ, ಹೊಸ ಚರ್ಚ್ ಆದವು. ಹಳೇ ಚರ್ಚಿನೊಳಗೇ ರಾಕೆಟ್ ಜೋಡಿಸುವ ಕೆಲಸ ಶುರುವಾಯಿತು, ಬಿಷಪ್ಪರ ಮನೆಯೇ ಕಚೇರಿಯಾಯಿತು.

1963ರ ನವೆಂಬರ್ 21ರ ಸಂಜೆ ಮೊದಲ ರಾಕೆಟ್ ಹಾರಿತು. ಅಮೆರಿಕದ ನೈಕ್-ಅಪಾಚಿ. ಮೇಲೆ ಹೋಗಿ ಸೋಡಿಯಂ ಆವಿ ಬಿಟ್ಟಾಗ ಮುಸ್ಸಂಜೆಯ ಆಕಾಶದಲ್ಲಿ ಕಿತ್ತಳೆ ಬಣ್ಣದ ಮೋಡ ಎದ್ದಿತಂತೆ. ನಮ್ಮ ಬೀದಿಯಲ್ಲೇ ಅದನ್ನು ಚಿಕ್ಕವರಿದ್ದಾಗ ನೋಡಿದ ಅಮ್ಮಚ್ಚಿ ಒಬ್ಬರಿದ್ದರು. ಅದನ್ನು ಹೇಳುವಾಗ ಪ್ರತಿ ಸಲವೂ ಕೈ ಎತ್ತಿ ಅದೇ ಮೂಲೆ ತೋರಿಸುತ್ತಿದ್ದರು. 1968ರಲ್ಲಿ ಕೇಂದ್ರವನ್ನು ವಿಶ್ವಸಂಸ್ಥೆಗೆ ಅರ್ಪಿಸಿದರು. ತುಂಬಾವನ್ನು "ಬಿಟ್ಟರು" ಅನ್ನೋದು ಮಾತ್ರ ತಪ್ಪು ಸಾರ್. ಶೋಧ ರಾಕೆಟ್‌ಗಳು ಆಮೇಲೂ ಅಲ್ಲಿಂದ ಹಾರುತ್ತಲೇ ಬಂದಿವೆ.

*

ಪುಲಿಕಾಟ್ ದಂಡೆ ಉತ್ತರ:

ಮೇಷ್ಟ್ರೇ, ನಮಸ್ಕಾರ. ನಾನು ಶ್ರೀನಿವಾಸಪುರದ ಕಡೆಯವನು. ಐಟಿಐ ಫಿಟ್ಟರ್ ಮುಗಿಸಿ, 1976ರಲ್ಲಿ ಶ್ರೀಹರಿಕೋಟಾಗೆ ಕೆಲಸಕ್ಕೆ ಹೋದೆ, ಅಲ್ಲೇ ನಿವೃತ್ತನಾದೆ. ಸಾಮಾನ್ಯವಾಗಿ ಇಲ್ಲಿ ಓದಿ ಸುಮ್ಮನಾಗ್ತೀನಿ. ಆ ಮಗುವಿನ ಮೂರನೇ ಪ್ರಶ್ನೆ ನೋಡಿ ಬರೆಯಬೇಕು ಅನ್ನಿಸಿತು.

ಮೊದಲು ಜಾಗದ ಚಿತ್ರ ಕೊಡ್ತೀನಿ. ಮದರಾಸಿನಿಂದ ಬಡಗಣಕ್ಕೆ ಸುಮಾರು 80 ಕಿಲೋಮೀಟರ್. ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಪುಲಿಕಾಟ್ ಸರೋವರ. ಉಪ್ಪುನೀರಿನ ಸರೋವರಗಳಲ್ಲಿ ನಮ್ಮ ದೇಶದಲ್ಲಿ ಚಿಲ್ಕಾ ಬಿಟ್ಟರೆ ಇದೇ ದೊಡ್ಡದು. ನಡುವೆ ಉದ್ದಕ್ಕೆ ಮಲಗಿದ ಮರಳಿನ ದ್ವೀಪ ಶ್ರೀಹರಿಕೋಟಾ. ರೈಲು ನಿಲ್ಲೋದು ಸೂಳ್ಳೂರುಪೇಟೆಯಲ್ಲಿ. ಅಲ್ಲಿಂದ ಸರೋವರದ ಮಧ್ಯೆ ಕಟ್ಟಿದ ಏರಿ ರಸ್ತೆ. ನಾನು ಮೊದಲ ಸಲ ಬಸ್ಸಲ್ಲಿ ಹೋದಾಗ ಬೇಸಿಗೆ. ಎರಡೂ ಕಡೆ ನೀರು ಬತ್ತಿ ಬೆಳ್ಳಗೆ ಉಪ್ಪು ಒಡೆದ ಕೆಸರು, ನಮ್ಮ ಕಡೆ ಬೇಸಿಗೆಯ ಕೆರೆ ಅಂಗಳದ ಹಾಗೆ, ಆದರೆ ಆಚೆ ದಡವೇ ಕಾಣದಷ್ಟು. ಅದೇ ರಸ್ತೆಯಲ್ಲಿ ಡಿಸೆಂಬರ್‌ನಲ್ಲಿ ಹೋದರೆ ಎರಡೂ ಪಕ್ಕ ನೀರು, ನೀರಿನ ತುಂಬ ರಾಜಹಂಸಗಳು.

ಜಾಗ ಗೊತ್ತು ಮಾಡಿದ್ದು 1969ರಲ್ಲಿ. ಪೂರ್ವಕ್ಕೆ ತೆರೆದ ಸಮುದ್ರ ಒಂದೇ ಸಾಲದು, ಹಿಂದೆ ಮುಂದೆ ಊರಿಲ್ಲದ ವಿಸ್ತಾರವೂ ಬೇಕು. ಹತ್ತಿರ ರೈಲು, ಹೆದ್ದಾರಿ, ದೊಡ್ಡ ಬಂದರಿನ ಊರೂ ಬೇಕು. ಇದೆಲ್ಲ ಒಟ್ಟಿಗೆ ಸಿಗೋ ಕಡೆ ಪೂರ್ವ ಕರಾವಳಿಯಲ್ಲಿ ಹೆಚ್ಚಿಲ್ಲ. ಸುಮಾರು 145 ಚದರ ಕಿಲೋಮೀಟರ್ ಕೇಂದ್ರದ ವಶಕ್ಕೆ ಬಂತು. ಹೊರಗಿನವರು ಉಡಾವಣಾ ವೇದಿಕೆ ಒಂದನ್ನೇ ನೋಡಿ ಇಷ್ಟು ಜಾಗ ಯಾಕೆ ಅಂತಾರೆ. ವೇದಿಕೆ ಒಂದು ಎಕರೆಯಲ್ಲಿ ನಿಲ್ಲುತ್ತೆ ಸ್ವಾಮಿ. ಸಿಡಿದರೆ ಯಾರಿಗೂ ತಗುಲಬಾರದು ಅಂತ ಬಿಡುವ ಖಾಲಿ ನೆಲವೇ ನಿಜವಾದ ಉಡಾವಣಾ ಕೇಂದ್ರ.

1971ರ ಅಕ್ಟೋಬರ್‌ನಲ್ಲಿ ಅಲ್ಲಿಂದ ಮೊದಲು ಹಾರಿದ್ದು ರೋಹಿಣಿ-125. ಹೆಸರಿನ 125 ಅದರ ದಪ್ಪ, ಮಿಲಿಮೀಟರಿನಲ್ಲಿ. ಊಟದ ತಟ್ಟೆಯ ಅರ್ಧದಷ್ಟೂ ಅಗಲ ಇಲ್ಲ. ಮೂರು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 30ಕ್ಕೆ, ಸಾರಾಭಾಯಿ ತುಂಬಾದ ಹತ್ತಿರ ಕೋವಳಂನಲ್ಲಿ ತೀರಿಕೊಂಡರು. ಮುಂದಿನ ವರ್ಷ ಇಸ್ರೊ ಅಧ್ಯಕ್ಷರಾಗಿ ಸತೀಶ್ ಧವನ್ ಬಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು, ಆ ಕೆಲಸ ಬಿಡಲ್ಲ, ಪ್ರಧಾನ ಕಚೇರಿ ಬೆಂಗಳೂರಲ್ಲೇ ಇರಬೇಕು ಅಂತ ಕೇಳಿಕೊಂಡೇ ಒಪ್ಪಿದರು. ನಿಮ್ಮ ಹುಡುಗಿ ಕೇಳಿದಳಲ್ಲ, ಕಚೇರಿ ಒಂದು ಕಡೆ, ರಾಕೆಟ್ ಒಂದು ಕಡೆ ಯಾಕೆ ಅಂತ. ಕಚೇರಿ ಬೆಂಗಳೂರಿಗೆ ಬಂದದ್ದು ಹೀಗೆ.

ನಾನು ಹೋಗೋ ಹೊತ್ತಿಗೆ ಉಪಗ್ರಹ ಒಯ್ಯುವ ನಮ್ಮ ಮೊದಲ ರಾಕೆಟ್ ಎಸ್‌ಎಲ್‌ವಿ-3ರ ತಯಾರಿ. 22 ಮೀಟರ್ ಎತ್ತರ, 17 ಟನ್ ತೂಕ, ನಾಲ್ಕು ಹಂತ, ನಾಲ್ಕಕ್ಕೂ ಘನ ಇಂಧನ. ನನ್ನನ್ನು ಹಾಕಿದ್ದು ಇಂಧನ ಎರಕದ ಕಡೆ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ, ಯಾವ ಪುಸ್ತಕದಲ್ಲೂ ಸರಿಯಾಗಿ ಬರೆದಿರಲ್ಲ. ಅಮೋನಿಯಂ ಪರ್ಕ್ಲೋರೇಟ್ ಅಂತ ಬಿಳೀ ಪುಡಿ, ನೋಡೋಕೆ ಪುಡಿ ಉಪ್ಪೇ. ಅದು ಉರಿಯಲು ಬೇಕಾದ ಆಮ್ಲಜನಕ ಕೊಡುತ್ತೆ. ಜೊತೆಗೆ ಅಲ್ಯೂಮಿನಿಯಂ ಪುಡಿ, ಅಂಟಿಗೆ ರಬ್ಬರಿನಂಥ ರಾಳ. ಎಲ್ಲ ಕಲೆಸಿದರೆ ಬೂದು ಬಣ್ಣದ ಗಟ್ಟಿ ಅಂಬಲಿ. ಅದನ್ನು ಗಾಳಿ ಎಳೆದು ತೆಗೆದ ಪಾತ್ರೆಯೊಳಗೆ ರಾಕೆಟ್ಟಿನ ಕವಚಕ್ಕೆ ಎರೆಯೋದು. ನಡುವೆ ಒಂದು ಅಚ್ಚು ನಿಲ್ಲಿಸಿರ್ತಾರೆ. ದಿನಗಟ್ಟಲೆ ಹದವಾದ ಬಿಸಿಯಲ್ಲಿಟ್ಟರೆ ಅದು ಪೆನ್ಸಿಲ್ ಅಳಿಸೋ ರಬ್ಬರಿನ ಹಾಗೆ ಗಟ್ಟಿಯಾಗುತ್ತೆ. ಆಮೇಲೆ ಅಚ್ಚು ಎಳೆದರೆ ನಡುವೆ ಉದ್ದಕ್ಕೂ ತೂತು. ಬೆಂಕಿ ಹೊತ್ತೋದು ಆ ತೂತಿನ ಒಳಮೈಯಿಂದ.

ಒಂದು ಗಾಳಿಗುಳ್ಳೆ ಉಳಿದರೆ, ಒಂದು ಕೂದಲೆಳೆ ಬಿರುಕು ಬಿಟ್ಟರೆ, ಅಲ್ಲಿ ಉರಿಯುವ ಮೈ ಹೆಚ್ಚಾಗುತ್ತೆ. ಮೈ ಹೆಚ್ಚಿದರೆ ಅನಿಲ ಹೆಚ್ಚು, ಒತ್ತಡ ಹೆಚ್ಚು, ಕವಚ ಒಡೆಯುತ್ತೆ. ಒಮ್ಮೆ ಹೊತ್ತಿದ ಘನ ಇಂಧನವನ್ನು ಆರಿಸೋಕಾಗಲ್ಲ. ಅದಕ್ಕೇ ಎಲ್ಲವನ್ನೂ ಎಕ್ಸ್‌ರೇ ಹಿಡಿದು ನೋಡೋದು. ನಮ್ಮ ಮೈಮೇಲೆ ಹತ್ತಿ ಬಟ್ಟೆ ಮಾತ್ರ, ನೈಲಾನ್ ಕಾಲುಚೀಲವೂ ಇಲ್ಲ, ಕಿಡಿ ಹಾರಬಾರದು ಅಂತ ಕಬ್ಬಿಣದ ಸ್ಪ್ಯಾನರೂ ಇಲ್ಲ. ಒಳಗೆ ಹೋಗುವ ಮುಂಚೆ ಮೈಯ ವಿದ್ಯುತ್ತು ನೆಲಕ್ಕೆ ಇಳಿಯಲಿ ಅಂತ ತಾಮ್ರದ ತಗಡು ಮುಟ್ಟಿ ಹೋಗಬೇಕು. ಇಷ್ಟು ವರ್ಷವಾದರೂ ಈಗಲೂ ಅಡುಗೆಮನೆಗೆ ಹೋಗುವಾಗ ನನ್ನ ಕೈ ತಾನಾಗೇ ಬಾಗಿಲ ಚಿಲಕ ಮುಟ್ಟುತ್ತೆ.

ಮೊದಲ ಹಂತ ಒಂದಕ್ಕೇ ಒಂಬತ್ತು ಟನ್ನಿಗೆ ಹತ್ತಿರ ಇಂಧನ. ಒಂದೇ ಸಲಕ್ಕೆ ಎರೆಯೋಕಾಗದೆ ಮೂರು ತುಂಡು ಮಾಡಿ ಜೋಡಿಸಿದ್ದು. ಅಷ್ಟು ಇಂಧನವನ್ನು ಊರೂರ ಮೇಲೆ ಲಾರಿಯಲ್ಲಿ ತರೋದಕ್ಕಿಂತ ದ್ವೀಪದಲ್ಲೇ ಎರೆಯೋಣ ಅಂದರು. ಪರೀಕ್ಷೆಯೂ ಅಲ್ಲೇ. ಮೋಟಾರನ್ನು ಅಡ್ಡ ಮಲಗಿಸಿ, ಕಾಂಕ್ರೀಟಿನ ದಿಮ್ಮಿಗೆ ಕಟ್ಟಿಹಾಕಿ ಸುಡೋದು. ಮೊದಲ ಸಲ ಆ ಸದ್ದು ಕೇಳಿದಾಗ ನನಗೆ ಕಿವಿಗಿಂತ ಮುಂಚೆ ಎದೆಗೂಡು ನಡುಗಿತ್ತು.

1979ರ ಆಗಸ್ಟ್ 10, ಬೆಳಿಗ್ಗೆ ಎಂಟಕ್ಕೆ ಹತ್ತಿರ. ಪಾಳಿ ಇಲ್ಲದವರೆಲ್ಲ ದೂರದ ಒಂದು ಮಾಳಿಗೆ ಮೇಲೆ ನಿಂತಿದ್ದೆವು. ಸರ್ವೆ ತೋಪಿನ ಮೇಲಿಂದ ಬಿಳಿ ಹೊಗೆ ಎದ್ದು, ಅದರ ತುದಿಯಲ್ಲಿ ನೋಡೋಕಾಗದಷ್ಟು ಬೆಳಕು. ಮೊದಲ ಹಂತ, ನಾವು ಎರೆದದ್ದು, ಸರಿಯಾಗಿ ಉರಿಯಿತು. ನಾವು ಕುಣಿದೆವು. ನಾವಿನ್ನೂ ಕುಣಿಯುತ್ತಿರುವಾಗಲೇ ರಾಕೆಟ್ಟೇ ಸಮುದ್ರಕ್ಕೆ ಬಿದ್ದಾಗಿತ್ತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯ ಒಂದು ಕವಾಟದಿಂದ ನೈಟ್ರಿಕ್ ಆಮ್ಲ ಸೋರಿಹೋಗಿ ರಾಕೆಟ್ ಹಿಡಿತ ತಪ್ಪಿತ್ತು. ಎಲ್ಲ ಸೇರಿ 317 ಸೆಕೆಂಡ್, 560 ಕಿಲೋಮೀಟರ್ ಆಚೆ ಬಿತ್ತು. ಅದು ನಮಗೆ ಗೊತ್ತಾದದ್ದು ಮಧ್ಯಾಹ್ನ ಕ್ಯಾಂಟೀನಿನಲ್ಲಿ. ಸಾರು ಬಡಿಸುತ್ತಿದ್ದವನ ಸೌಟು ಹಾಗೇ ನಿಂತಿತು. ಯಾರೂ ಮಾತಾಡಲಿಲ್ಲ.

ಹನ್ನೊಂದು ತಿಂಗಳ ಮೇಲೆ, 1980ರ ಜುಲೈ 18, ಅದೇ ಮಾಳಿಗೆ. ಈ ಸಲ ಯಾರೂ ಕುಣಿಯಲಿಲ್ಲ, ಸುದ್ದಿ ಬರುವವರೆಗೆ ಕೈ ಕಟ್ಟಿ ನಿಂತಿದ್ದೆವು. 35 ಕಿಲೋ ತೂಕದ ರೋಹಿಣಿ ಉಪಗ್ರಹ ಕಕ್ಷೆಗೆ ಸೇರಿತು. ನಮ್ಮ ನೆಲದಿಂದ, ನಮ್ಮ ರಾಕೆಟ್ಟಿನಲ್ಲಿ ಹೋದ ಮೊದಲ ಉಪಗ್ರಹ ಅದು.

*

ಹಕ್ಕಿನೋಟ ಉತ್ತರ:

ಒಂದು ಚಿಕ್ಕ ಸೇರ್ಪಡೆ. ಧವನ್ ಅವರಿಗೆ ಹಕ್ಕಿಗಳ ಹಾರಾಟದ ಮೇಲೆ ಬಹಳ ಪ್ರೀತಿ, ಅದರ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ಪುಲಿಕಾಟ್ ಹಕ್ಕಿಗಳನ್ನು ನೋಡುತ್ತಾ ಕೂರುತ್ತಿದ್ದವರು. 2002ರಲ್ಲಿ ತೀರಿಕೊಂಡ ಮೇಲೆ ಅದೇ ವರ್ಷ ಶ್ರೀಹರಿಕೋಟಾಗೆ ಅವರ ಹೆಸರಿಟ್ಟರು. ಹತ್ತಿರದ ನೇಲಪಟ್ಟುವಿನಲ್ಲಿ ಹೆಜ್ಜಾರ್ಲೆ ಗೂಡು ಕಟ್ಟುತ್ತೆ, ನಮ್ಮ ಕೊಕ್ಕರೆಬೆಳ್ಳೂರಿನದೇ ಜಾತಿ. ಮಕ್ಕಳನ್ನು ಕರೆದುಕೊಂಡು ಹೋದರೆ ತಪ್ಪಿಸಬೇಡಿ.

ಅಂದ ಹಾಗೆ, ದ್ವೀಪದಲ್ಲಿ ಮುಂಚೆ ಜನ ಇರಲಿಲ್ಲ ಅಂತಲೇ ನಾನೂ ಓದಿದ್ದು. ಅದಕ್ಕೇ ಅಲ್ಲವೇ ಕಾಡು ಹಾಗೇ ಉಳಿದಿರುವುದು?

*

ಪುಲಿಕಾಟ್ ದಂಡೆ ಉತ್ತರ:

ಇಲ್ಲ ಸಾರ್, ಜನ ಇದ್ದರು. ಮೂರನೇ ಪ್ರಶ್ನೆಗೆ ಉತ್ತರ ಇಲ್ಲೇ ಇದೆ, ನಿನ್ನೆ ರಾತ್ರಿ ಕಣ್ಣು ಎಳೆದು ಅಲ್ಲಿಗೇ ನಿಲ್ಲಿಸಿದ್ದೆ.

ದ್ವೀಪದಲ್ಲಿದ್ದವರು ಯಾನಾದಿಗಳು ಅನ್ನೋ ಬುಡಕಟ್ಟಿನ ಜನ. ಹಿನ್ನೀರಲ್ಲಿ ಮೀನು, ಕಾಡಲ್ಲಿ ಜೇನು, ಗೆಡ್ಡೆ, ಬೆತ್ತ, ಇದರಲ್ಲೇ ಬದುಕು. ಸರ್ವೆ, ನೀಲಗಿರಿ ತೋಪುಗಳಿಂದ ಮದರಾಸಿನ ಒಲೆಗಳಿಗೆ ಸೌದೆ ಹೋಗುತ್ತಿತ್ತು. ಕೇಂದ್ರ ಬಂದಾಗ ಹಲವು ಕುಟುಂಬಗಳು ನೆಲೆ ಬಿಟ್ಟು ಆಚೆ ಹೋದವು. ಉಳಿದವರಲ್ಲಿ ಕೆಲವರು ಕೇಂದ್ರದಲ್ಲೇ ಕೂಲಿಗೆ ಸೇರಿದರು.

ನಮ್ಮ ಕಡೆಯವರಿಗೆ ತೆಲುಗು ಮನೆಮಾತಿನಷ್ಟೇ ಸಲೀಸು, ಹಾಗಾಗಿ ನನಗೆ ಅವರ ಸ್ನೇಹ ಬೇಗ ಆಯಿತು. ಒಬ್ಬ ಹಿರಿಯರಿದ್ದರು, ಕಾಡಿನ ಬೆಂಕಿ ಹರಡದ ಹಾಗೆ ಪೊದೆ ಕಡಿದು ದಾರಿ ಬಿಡಿಸುವ ಕೆಲಸ. ನಾಗರ ಎಲ್ಲಿ ಮಲಗಿದೆ, ಕೊಳಕುಮಂಡಲ ಎಲ್ಲಿ ಮಲಗಿದೆ ಅಂತ ಮರಳ ಮೇಲಿನ ಗೆರೆ ನೋಡಿ ಹೇಳೋರು. ಹೊಸದಾಗಿ ಬಂದ ನಮಗೆ ಕಾಡಲ್ಲಿ ಕಾಲಿಡೋದು ಕಲಿಸಿದ್ದೇ ಅವರು. ಒಂದು ಭಾನುವಾರ ನನ್ನನ್ನು ಕರೆದುಕೊಂಡು ಹೋಗಿ ತಾಳೆ ಮರಗಳ ಗುಂಪು ತೋರಿಸಿದರು. ಕೆಳಗೆ ಏನೂ ಇಲ್ಲ, ಸ್ವಲ್ಪ ಎತ್ತರದ ಮರಳು ದಿಬ್ಬ, ಒಡೆದ ಮಡಕೆ ಚೂರು. ಒಂದು ತಾಳೆಯ ಬೊಡ್ಡೆಯಲ್ಲಿ ಎದೆಮಟ್ಟಕ್ಕೆ ಒಂದು ಹಳೇ ಕಚ್ಚು. ಹುಡುಗನಾಗಿದ್ದಾಗ ತಾವೇ ಹತ್ತೋಕೆ ಕಡಿದ ಕಚ್ಚು ಅಂದರು. ಬೆರಳು ಅದರೊಳಗಿಟ್ಟು ಸ್ವಲ್ಪ ಹೊತ್ತು ನಿಂತರು. ಗುಡಿಸಲು ಇದ್ದ ದಿಕ್ಕು ತೋರಿಸಿದರು. ದೂರು ಹೇಳಲಿಲ್ಲ. ಹಿಂದಿರುಗುವಾಗ ದಾರಿಯಲ್ಲಿ ನನಗಾಗಿ ಎರಡು ತಾಟಿನುಂಗು ಕೆತ್ತಿಕೊಟ್ಟರು.

ಮೇಲೆ ಆ ಅಮ್ಮ ತುಂಬಾದ ಚರ್ಚಿನ ವಿಷಯ ಬರೆದಿದ್ದಾರೆ. ಓದಿ ಮನಸ್ಸು ಕಲಕಿತು. ಅಲ್ಲಿಯವರಿಗೆ ಎದ್ದು ನಿಂತು "ಒಪ್ಪಿಗೆಯೇ?" ಅಂತ ಕೇಳುವ ಬಿಷಪ್ ಇದ್ದರು. ಯಾನಾದಿಗಳಿಗೆ ಹಾಗೆ ಕೇಳುವ ಬಿಷಪ್ ಇರಲಿಲ್ಲ. ನಾನು ಆ ಕೇಂದ್ರದ ಅನ್ನ ತಿಂದವನು, ಅದು ಅಲ್ಲಿ ಆಗಬೇಕಿತ್ತು ಅಂತಲೇ ನಂಬಿದವನು. ಆದರೂ "ಜನವಸತಿ ಇಲ್ಲದ ದ್ವೀಪ" ಅಂತ ಎಲ್ಲಾದರೂ ಓದಿದರೆ ಆ ತಾಳೆ ಮರದ ಕಚ್ಚು ಕಣ್ಣಿಗೆ ಬರುತ್ತೆ. ಮಕ್ಕಳಿಗೆ ಹಾಗೆ ಬರೆಸಬೇಡಿ ಮೇಷ್ಟ್ರೇ.

*

ಚಿಂತಾಮಣಿ ಮೇಷ್ಟ್ರು:

ತಾತ, ಎಲ್ಲವನ್ನೂ ಇವತ್ತು ತರಗತಿಯಲ್ಲಿ ಓದಿ ಹೇಳಿದೆ. ಇಂಧನದ ಅಂಬಲಿ ಅಂದಾಗ ನಕ್ಕರು, ತಾಳೆ ಮರದ ವಿಷಯಕ್ಕೆ ಬಂದಾಗ ಸುಮ್ಮನಾದರು. ಅಟ್ಲಾಸಿನ ಹುಡುಗಿ ಶ್ರೀಹರಿಕೋಟಾದ ಮೇಲೆ ಪೆನ್ಸಿಲಿನಲ್ಲಿ "ಯಾನಾದಿ" ಅಂತ ಬರೆದುಕೊಂಡಳು. ಅವಳಿಗೆ ಇನ್ನೊಂದು ಪ್ರಶ್ನೆ ಇದೆ: ನಾವೆಲ್ಲ ಹೋಗಿ ನೋಡಬಹುದಾ?

*

ಪುಲಿಕಾಟ್ ದಂಡೆ:

ಬನ್ನಿ. 2019ರಿಂದ ಸಾರ್ವಜನಿಕರು ಕೂತು ಉಡಾವಣೆ ನೋಡೋಕೆ ಗ್ಯಾಲರಿ ಮಾಡಿದ್ದಾರೆ, ಮುಂಚೆಯೇ ಆನ್‌ಲೈನಲ್ಲಿ ಹೆಸರು ಕೊಡಬೇಕು. ಉಡಾವಣೆಯ ದಿನ ಗಾಳಿ ಮಳೆ ಅಂತ ಮುಂದೂಡಿದರೆ ಮಕ್ಕಳಿಗೆ ಬೇಜಾರಾಗಬಾರದು, ಅದನ್ನು ಮೊದಲೇ ಹೇಳಿಡಿ. ಅಕ್ಟೋಬರ್, ನವೆಂಬರ್ ಬೇಡ, ಅಲ್ಲಿ ಹಿಂಗಾರು ಬಲು ಜೋರು, 1984ರ ನವೆಂಬರ್‌ನಲ್ಲಿ ಚಂಡಮಾರುತ ನಮ್ಮ ತಲೆ ಮೇಲೇ ಹಾದುಹೋಗಿತ್ತು. ಜನವರಿ ಒಳ್ಳೇದು, ಸರೋವರ ತುಂಬಿರುತ್ತೆ, ರಾಜಹಂಸಗಳೂ ಇರ್ತವೆ. ಬಸ್ಸಿನಲ್ಲಿ ಆ ಹುಡುಗಿಯನ್ನು ಕಿಟಕಿ ಪಕ್ಕ ಕೂರಿಸಿ. ಅಟ್ಲಾಸ್ ಜೊತೆಗಿರಲಿ.